ಪದವಿಗೆ ಮೊದಲೇ ಪ್ರಯೋಗಶಾಲೆ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಶೋಧನೆ ಎಂದರೆ ಪಿಎಚ್.ಡಿ. ಮಾಡುವವರ ಕೆಲಸ, ಬಿ.ಎಸ್ಸಿ. ಓದುವವರು ನೋಟ್ಸ್ ಓದಿ ಪಾಸಾದರೆ ಸಾಕು ಎಂಬ ಭಾವನೆ ನಮ್ಮಲ್ಲಿದೆ. ನ್ಯೂಕ್ಲಿಯರ್ ಭೌತವಿಜ್ಞಾನದ ಚರಿತ್ರೆ ಇದಕ್ಕೆ ವಿರುದ್ಧವಾದ ಮಾತನ್ನು ಹೇಳುತ್ತದೆ.

1909ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅರ್ನೆಸ್ಟ್ ಮಾರ್ಸ್‌ಡನ್ ಎಂಬ ಇಪ್ಪತ್ತರ ತರುಣನಿದ್ದ. ಇನ್ನೂ ಪದವಿ ಆಗಿರಲಿಲ್ಲ. ಲೋಹಕ್ಕೆ ಬಡಿದ ಆಲ್ಫಾ ಕಣ ಹಿಂದಕ್ಕೆ ಚಿಮ್ಮುತ್ತದೆಯೇ ನೋಡು ಎಂದು ಪ್ರೊಫೆಸರ್ ರುದರ್‌ಫೋರ್ಡ್ ಅವನಿಗೆ ಕೆಲಸ ಕೊಟ್ಟರು. ಚಿಮ್ಮಲಾರದು ಎಂದೇ ಅವರ ಎಣಿಕೆ. ಅಂದಿನ ಡಿಟೆಕ್ಟರ್ ಎಂದರೆ ಸತುವಿನ ಸಲ್ಫೈಡ್ ಬಳಿದ ಒಂದು ಪರದೆ, ಒಂದು ಸೂಕ್ಷ್ಮದರ್ಶಕ. ಮಾರ್ಸ್‌ಡನ್ ಮತ್ತು ಗೈಗರ್ ಕತ್ತಲೆ ಕೋಣೆಯಲ್ಲಿ ಕುಳಿತು ಮಿನುಗುಗಳನ್ನು ಎಣಿಸಿದರು. ಪ್ಲಾಟಿನಂಗೆ ಬಡಿದ ಸುಮಾರು 8000 ಕಣಗಳಲ್ಲಿ ಒಂದು ಹಿಂದಕ್ಕೆ ಬಂದಿತ್ತು. 1911ರಲ್ಲಿ ರುದರ್‌ಫೋರ್ಡ್ ಪರಮಾಣುವಿಗೆ ನ್ಯೂಕ್ಲಿಯಸ್ ಇದೆ ಎಂದು ಸಾರಿದ್ದು ಇದೇ ಎಣಿಕೆಯ ಆಧಾರದ ಮೇಲೆ.

ಅದು ಹಳೆಯ ಕಾಲ ಎನ್ನಬೇಡಿ. ಅಮೆರಿಕದ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 'ಮೋನಾ' ಎಂಬ ನ್ಯೂಟ್ರಾನ್ ಡಿಟೆಕ್ಟರ್ ಇದೆ. 2001ರಲ್ಲಿ ಅನುದಾನ ಸಿಕ್ಕಾಗ ಹತ್ತು ವಿದ್ಯಾಸಂಸ್ಥೆಗಳು ಕೆಲಸ ಹಂಚಿಕೊಂಡವು. ಹೋಪ್ ಕಾಲೇಜು, ವೆಸ್ಟ್‌ಮಾಂಟ್ ಕಾಲೇಜಿನಂಥ ಚಿಕ್ಕ ಕಾಲೇಜುಗಳೂ ಅದರಲ್ಲಿದ್ದವು. ಎರಡು ಮೀಟರ್ ಉದ್ದದ 144 ಪ್ಲಾಸ್ಟಿಕ್ ಪಟ್ಟಿಗಳನ್ನು ಜೋಡಿಸಿ ಪರೀಕ್ಷಿಸಿದವರಲ್ಲಿ ಹೆಚ್ಚಿನವರು ಪದವಿ ವಿದ್ಯಾರ್ಥಿಗಳು.

ಅದು ಕೆಲಸ ಮಾಡುವ ರೀತಿ ಸರಳ. ನ್ಯೂಟ್ರಾನಿಗೆ ವಿದ್ಯುದಾವೇಶವಿಲ್ಲ, ಹಾಗಾಗಿ ನೇರವಾಗಿ ಸಿಕ್ಕದು. ಆದರೆ ಪ್ಲಾಸ್ಟಿಕ್ಕಿನಲ್ಲಿರುವ ಪ್ರೋಟಾನಿಗೆ ಡಿಕ್ಕಿ ಹೊಡೆದರೆ ಆ ಪ್ರೋಟಾನು ಓಡಿ ಬೆಳಕಿನ ಮಿಂಚು ಹುಟ್ಟಿಸುತ್ತದೆ. ಪಟ್ಟಿಯ ಎರಡೂ ತುದಿಗಳಲ್ಲಿ ಬೆಳಕು ಹಿಡಿಯುವ ನಳಿಕೆಗಳಿವೆ. ಬೆಳಕು ಯಾವ ತುದಿಗೆ ಎಷ್ಟು ಮೊದಲು ತಲುಪಿತು ಎಂಬುದರಿಂದ ಡಿಕ್ಕಿಯಾದ ಜಾಗ ತಿಳಿಯುತ್ತದೆ. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹುಟ್ಟಿದ ಕ್ಷಣದಲ್ಲೇ ನ್ಯೂಟ್ರಾನನ್ನು ಕಳೆದುಕೊಳ್ಳುವ ಆಮ್ಲಜನಕ-25ನ್ನು ಇದೇ ಯಂತ್ರದಿಂದ ಅಳೆದರು.

ಮಿನುಗುವ ಪ್ಲಾಸ್ಟಿಕ್ ನಮ್ಮ ನಾಡಿಗೂ ಹೊಸದಲ್ಲ. 1965ರಲ್ಲಿ ಕೋಲಾರ ಚಿನ್ನದ ಗಣಿಯ ಆಳದಲ್ಲಿ ನ್ಯೂಟ್ರಿನೊಗಳ ಸುಳಿವು ಹಿಡಿದ ಉಪಕರಣದಲ್ಲಿಯೂ ಅದಿತ್ತು.

ಉರ್ದುವಿನಲ್ಲಿ 'ಶಾಗಿರ್ದ್' ಎಂಬ ಮಾತಿದೆ. ಉಸ್ತಾದನ ಪಕ್ಕದಲ್ಲಿ ನಿಂತು ಕೈಯಿಂದ ಕೆಲಸ ಕಲಿಯುವವನು ಶಾಗಿರ್ದ್. ನಮ್ಮ ಎಷ್ಟೋ ಪ್ರಯೋಗಶಾಲೆಗಳಲ್ಲಿ ಕಳೆದ ವರ್ಷದವರ ರೆಕಾರ್ಡನ್ನು ನಕಲು ಮಾಡಿದವನಿಗೆ ಪೂರ್ಣ ಅಂಕ, ತನ್ನ ಕಣ್ಣಿಗೆ ಕಂಡದ್ದನ್ನು ಬರೆದವನಿಗೆ ಬೈಗುಳ. ಮಾರ್ಸ್‌ಡನ್ ಗುರುವಿನ ಎಣಿಕೆಗೆ ತಕ್ಕಂತೆ 'ಏನೂ ಕಾಣಲಿಲ್ಲ' ಎಂದು ಬರೆದಿದ್ದರೆ ಏನಾಗುತ್ತಿತ್ತು?

ಆದ್ದರಿಂದ ವಿದ್ಯಾರ್ಥಿಗಳೆ, ಬಂದ ರೀಡಿಂಗನ್ನೇ ಬರೆಯಿರಿ. ತಪ್ಪೆನಿಸಿದರೆ ಕಾರಣ ಹುಡುಕಿ, ಅಂಕಿ ತಿದ್ದಬೇಡಿ. ಪಾಲಕರೆ, ಮಗಳು ಬಿ.ಎಸ್ಸಿ. ಭೌತಶಾಸ್ತ್ರ ಬೇಕೆಂದರೆ 'ಅದರಿಂದ ಏನು ಸಿಕ್ಕೀತು' ಎಂದು ಬಾಯಿ ಮುಚ್ಚಿಸಬೇಡಿ. ಸಂಘದ ಹಿರಿಯರೆ, ವಿದ್ಯಾರ್ಥಿವೇತನದ ಜೊತೆಗೆ ಪ್ರತಿ ಬೇಸಿಗೆಯಲ್ಲಿ ಇಬ್ಬರು ಮಕ್ಕಳನ್ನಾದರೂ ಯಾವುದಾದರೊಂದು ಪ್ರಯೋಗಶಾಲೆಗೆ ಕಳಿಸುವ ಖರ್ಚನ್ನು ವಹಿಸಿಕೊಳ್ಳಿ. ಬಸ್ ಚಾರ್ಜು, ಊಟ, ವಸತಿ, ಇಷ್ಟೇ ಬೇಕಾದದ್ದು.