‘ಗ್ರಹಚಾರ’ ಯಾರ ತಲೆಗೆ?



ಬಸ್ಸು ತಪ್ಪಿದರೆ ಗ್ರಹಚಾರ. ಕೊಳವೆಬಾವಿ ಬತ್ತಿದರೆ ಗ್ರಹಚಾರ. ಹುಡುಗ ಫೇಲಾದರೆ ಅವನ ಗ್ರಹಚಾರ, ಪಾಸಾದರೆ ಮಾತ್ರ ಮೇಷ್ಟ್ರ ಹೆಗ್ಗಳಿಕೆ! ದಿನಕ್ಕೆ ಹತ್ತು ಸಲ ಆಡುವ ಈ ಮಾತನ್ನು ಎಂದಾದರೂ ಬಿಡಿಸಿ ನೋಡಿದ್ದೀರಾ?

‘ಚಾರ’ ಎಂದರೆ ನಡೆ, ಸಂಚಾರ. ಅಷ್ಟೇ. ಆರನೇ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಆದಿತ್ಯಚಾರ, ಚಂದ್ರಚಾರ ಎಂದು ಅಧ್ಯಾಯಗಳನ್ನೇ ಬರೆದಿದ್ದಾನೆ. ಗ್ರಹದ ನಡೆಯಿಂದ ಒಳ್ಳೆಯದೂ ಆದೀತು, ಕೆಟ್ಟದೂ ಆದೀತು ಎಂಬುದು ಜ್ಯೋತಿಷ್ಯದ ಲೆಕ್ಕ. ನಮ್ಮ ಬಾಯಲ್ಲಿ ಅದು ‘ಗ್ರಾಚಾರ’ವಾಗುವ ಹೊತ್ತಿಗೆ ಒಳ್ಳೆಯದು ಉದುರಿಹೋಗಿ ಕೆಟ್ಟದ್ದಷ್ಟೇ ಉಳಿಯಿತು. ನೌಕರಿ ಸಿಕ್ಕವನು ‘ನನ್ನ ಗ್ರಹಚಾರ’ ಎಂದು ಪೇಡ ಹಂಚುತ್ತಾನೆಯೇ? ‘ಅದೃಷ್ಟ’ದ್ದು ಇದಕ್ಕೆ ತದ್ವಿರುದ್ಧ ಕಥೆ. ಕಣ್ಣಿಗೆ ಕಾಣದ್ದು ಎಂಬಷ್ಟೇ ಅರ್ಥವಿದ್ದ ಪದ ಒಳ್ಳೆಯದರ ಪಾಲಾಯಿತು. ಕೆಟ್ಟದ್ದಕ್ಕೆ ಹಿಂದೊಂದು ‘ದುರ್’ ಅಂಟಿಸಬೇಕಾಯಿತು. ಗ್ರಹಚಾರಕ್ಕೆ ಆ ಅಂಟೂ ಬೇಡ!

‘ನಿನ್ನ ಗ್ರಹಚಾರ ಬಿಡಿಸ್ತೀನಿ’ ಎಂಬ ಬೈಗುಳವನ್ನೇ ನೋಡಿ. ಶನಿಯ ಕೆಲಸವನ್ನು ಕನ್ನಡಿಗ ತಾನೇ ಕೈಗೆತ್ತಿಕೊಂಡುಬಿಟ್ಟ! ಇದಕ್ಕೆ ನನ್ನ ತಕರಾರಿಲ್ಲ. ಇಲ್ಲಿ ಹೊಡೆಯುವವನು ಯಾರು ಎಂಬುದಾದರೂ ಗೊತ್ತಿರುತ್ತದೆ.

ತಕರಾರು ಬೇರೆ. ನಮ್ಮ ಬೀದಿಯ ಒಂದು ಮನೆಗೆ ಸೊಸೆ ಬಂದ ತಿಂಗಳಲ್ಲೇ ಮಾವನಿಗೆ ಲಕ್ವ ಹೊಡೆಯಿತು. ಆತ ಮೂವತ್ತು ವರ್ಷ ಬೀಡಿ ಸೇದಿದವನು. ಬಿಪಿ ಮಾತ್ರೆ ಬರೆದುಕೊಟ್ಟಿದ್ದರೂ ನುಂಗಿದವನಲ್ಲ. ಅದು ಯಾರಿಗೂ ನೆನಪಾಗಲಿಲ್ಲ. ಬೆಳಿಗ್ಗೆ ‘ನಮ್ಮ ಗ್ರಹಚಾರ’ ಎಂದು ಶುರುವಾದ ಮಾತು ಸಂಜೆಯೊಳಗೆ ‘ಅವಳ ಕಾಲ್ಗುಣ’ವಾಯಿತು. ಆಕಾಶದಲ್ಲಿದ್ದ ಗ್ರಹ ನೇರವಾಗಿ ಹೆಣ್ಣಿನ ಪಾದಕ್ಕೆ ಇಳಿಯಿತು! ಸ್ವಾಮಿ, ಅಳಿಯ ಕಾಲಿಟ್ಟದ್ದಕ್ಕೆ ಮಾವನ ಮನೆ ಹಾಳಾಯಿತು ಎಂದು ಯಾರಾದರೂ ಅಂದದ್ದುಂಟೇ? ನಾನಂತೂ ಕೇಳಿಲ್ಲ. ‘ಕಾಲ್ಗುಣ’ವೂ ಮೂಲದಲ್ಲಿ ಬೈಗುಳವಲ್ಲ, ಒಳ್ಳೆಯ ಕಾಲ್ಗುಣ ಎಂದು ಹೊಗಳುವುದೂ ಇದೆ. ಆದರೆ ಹೊಗಳಿಕೆ ಆರು ತಿಂಗಳಿಗೆ ಮರೆತುಹೋಗುತ್ತದೆ, ಬೈಗುಳ ಹೋಗುವುದಿಲ್ಲ.

ನಿಮ್ಮ ಮನೆಯಲ್ಲಿ ಇನ್ನೊಮ್ಮೆ ಈ ಮಾತು ಎದ್ದಾಗ ಒಂದೇ ಪ್ರಶ್ನೆ ಕೇಳಿ: ಡಾಕ್ಟರು ಏನೆಂದರು?

ಆ ಸೊಸೆಗೆ ಈಗ ಮೊಮ್ಮಕ್ಕಳಿದ್ದಾರೆ. ಮನೆಯವರು ಯಾವುದಾದರೂ ಶುಭಕಾರ್ಯಕ್ಕೆ ಹೊರಟು ನಿಂತರೆ, ಯಾರೂ ಹೇಳದಿದ್ದರೂ ಆಕೆ ಇಂದಿಗೂ ಒಳಮನೆಗೆ ಸರಿದು ನಿಲ್ಲುತ್ತಾರೆ.