ಸ್ವದೇಶಪ್ರೇಮ ಮತ್ತು ವಿಶ್ವಬಾಂಧವ್ಯ



ಸ್ವದೇಶವನ್ನು ಪ್ರೀತಿಸುವವನು ಪರದೇಶದವರ ಹೊರೆಯನ್ನು ಹೊರುವುದು ಯುಕ್ತವೇ ಎಂದು ಹಲವರು ಕೇಳುವುದುಂಟು. ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರ ಜೀವನವನ್ನೇ ಇದಕ್ಕೆ ಉತ್ತರವಾಗಿ ನಾವು ಮುಂದಿಡುತ್ತೇವೆ.

1953ರ ಜುಲೈ ತಿಂಗಳಲ್ಲಿ ಕೊರಿಯಾದ ಯುದ್ಧ ನಿಂತಿತು. ಆದರೆ 22,000ಕ್ಕೂ ಹೆಚ್ಚು ಸೆರೆಯಾಳುಗಳು ತಾಯ್ನಾಡಿಗೆ ಮರಳಲೊಲ್ಲೆವೆಂದರು. ಅವರ ಇತ್ಯರ್ಥಕ್ಕಾಗಿ ನೇಮಕವಾದ ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಕಾವಲು ಭಾರತೀಯ ಸೈನಿಕರದಾಯಿತು. ದಕ್ಷಿಣ ಕೊರಿಯಾ ಸರಕಾರವು ಇವರು ತನ್ನ ನೆಲವನ್ನು ಮೆಟ್ಟಬಾರದೆಂದಿತು. ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಇವರನ್ನು ಶಿಬಿರಕ್ಕೆ ಸಾಗಿಸಬೇಕಾಯಿತು. ಎರಡು ಬಣಗಳಿಂದಲೂ ನಿಂದೆ ಬಂದಿತು. ಆದರೂ ಯಾರನ್ನೂ ಬಲಾತ್ಕಾರದಿಂದ ತಾಯ್ನಾಡಿಗೆ ಅಟ್ಟಲು ಇವರು ಒಪ್ಪಲಿಲ್ಲ. ಅಲಿಪ್ತನೀತಿಯೆಂದರೆ ಕೈಕಟ್ಟಿ ಕೂಡುವುದಲ್ಲವೆಂಬುದು ಅಂದು ಲೋಕಕ್ಕೆ ತಿಳಿಯಿತು.

ಮುಂದೆ ಅವರು ಭಾರತದ ಭೂಸೇನೆಯ ಮುಖ್ಯಸ್ಥರಾದರು. ನಿವೃತ್ತಿಯ ಬಳಿಕ ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸಿ, 1965ರ ಡಿಸೆಂಬರಿನಲ್ಲಿ ಅಲ್ಲಿಯೇ ಮಡಿದರು. ಇದರಿಂದ ಅವರ ಕೊಡವತನವಾಗಲಿ ಭಾರತೀಯತೆಯಾಗಲಿ ಕುಂದಿತೇ? ಇಲ್ಲ, ಎರಡೂ ಹಿರಿದಾದವು.

'ಕಥೋಲಿಕ' ಎಂದರೆ ಸಾರ್ವತ್ರಿಕ. ಆ ಹೆಸರನ್ನು ಹೊತ್ತ ನಾವು ನಾಡಿಗಾಗಿ ಪ್ರಾರ್ಥಿಸುವಾಗ ಗಡಿಯಾಚೆಯ ಸೆರೆಯಾಳನ್ನೂ ಮರೆಯದಿರೋಣ.