ಕಣ್ಣು ಉಳಿಸುವ ಬೆಳಕು
(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ ಗೊಬ್ಬರಗಳ ಮಾತನ್ನಾಡುವ ಗ್ರಾಮಸೇವಕನು ಈ ದಿನ ಕಣ್ಣಿನ ಮಾತನ್ನೇಕೆ ಎತ್ತಿದನೆಂದು ನೀವು ಕೇಳಬಹುದು. ಕಾರಣ ಹೇಳುತ್ತೇನೆ. ನನ್ನ ವಲಯದ ಹಳ್ಳಿಯೊಂದರಲ್ಲಿ ಸಕ್ಕರೆ ಕಾಯಿಲೆಯುಳ್ಳ ಹಿರಿಯ ರೈತರೊಬ್ಬರಿದ್ದಾರೆ. ಕಣ್ಣು ತೋರಿಸಿಕೊಳ್ಳಿರೆಂದರೆ, "ಆಚೆ ದಿಬ್ಬದ ಮೇಲಿನ ಎತ್ತು ಯಾರದೆಂದು ಇಲ್ಲಿಂದಲೇ ಹೇಳುತ್ತೇನೆ ತಮ್ಮಾ, ನನ್ನ ಕಣ್ಣಿಗೇನಾಗಿದೆ?" ಎಂದು ನಕ್ಕರು. ಒಂದು ಮುಂಜಾನೆ ಅವರ ಬಲಗಣ್ಣಿನ ಮುಂದೆ ಕಪ್ಪು ಎಳೆಗಳು ತೇಲಾಡಿದವು. ಸಂಜೆಗೆ ಪರದೆ ಬಿದ್ದಂತಾಯಿತು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ್ದು ಒಂದೇ ಮಾತು: "ಮೊದಲೇ ಏಕೆ ಬರಲಿಲ್ಲ?"

ಕಣ್ಣಿನ ಹಿಂಬದಿಯಲ್ಲಿ ಅಕ್ಷಿಪಟಲವೆಂಬ ತೆಳುವಾದ ಪದರವುಂಟು. ನಾವು ನೋಡಿದ್ದೆಲ್ಲ ಮೂಡುವುದು ಅದರ ಮೇಲೆಯೇ. ಸಕ್ಕರೆ ಕಾಯಿಲೆಯು ಅಲ್ಲಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಕೆಲವು ಜಿನುಗುತ್ತವೆ, ಕೆಲವು ಮುಚ್ಚಿಹೋಗುತ್ತವೆ. ರಕ್ತ ಸಾಲದಾದಾಗ ಅಲ್ಲಿ ಹೊಸ ನಾಳಗಳು ಚಿಗುರುತ್ತವೆ. ಆದರೆ ಈ ಚಿಗುರಿಗೆ ಬಲವಿಲ್ಲ. ಒಡೆದು ಕಣ್ಣೊಳಗೆ ರಕ್ತ ತುಂಬುತ್ತದೆ. ಅಲ್ಲಿಯವರೆಗೆ ನೋವೂ ಇಲ್ಲ, ನೋಟವೂ ಕೆಡದಿರಬಹುದು. ಮೋಸ ಇರುವುದು ಇಲ್ಲಿಯೇ.

ಇದನ್ನು ತಡೆಯುವ ಒಂದು ಸಾಧನವೇ ಲೇಸರ್ ಬೆಳಕು. ಭೂತಗನ್ನಡಿಯಿಂದ ಬಿಸಿಲನ್ನು ಒಂದೆಡೆ ಕೂಡಿಸಿದರೆ ಹತ್ತಿ ಹೊತ್ತಿಕೊಳ್ಳುವುದನ್ನು ನೀವು ಕಂಡಿದ್ದೀರಿ. 1945ರಲ್ಲಿ ಸೂರ್ಯಗ್ರಹಣ ನೋಡಿ ಕಣ್ಣು ಸುಟ್ಟುಕೊಂಡವರಿಂದ ಜರ್ಮನಿಯ ವೈದ್ಯರಾದ ಮೇಯರ್-ಶ್ವಿಕರಾತ್ ಅವರಿಗೆ ಒಂದು ಯೋಚನೆ ಹೊಳೆಯಿತು: ಸುಡುವ ಬೆಳಕನ್ನು ಅಳತೆಯಿಂದ ಬಿಟ್ಟರೆ ಅದೇ ಮದ್ದಾಗಬಾರದೇಕೆ? ಮೊದಲು ಬಿಸಿಲನ್ನೇ, ಬಳಿಕ ಪ್ರಖರವಾದ ದೀಪವನ್ನು ಬಳಸಿದರು. 1960ರಲ್ಲಿ ಅಮೆರಿಕದ ಥಿಯೋಡರ್ ಮೇಮನ್ ಕೃತಕ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದರು. 1961ರಲ್ಲಿಯೇ ನ್ಯೂಯಾರ್ಕಿನಲ್ಲಿ ಅದನ್ನು ರೋಗಿಯ ಕಣ್ಣಿಗೆ ಬಳಸಲಾಯಿತು. ಲೇಸರ್ ಒಂದೇ ಬಣ್ಣದ ಬೆಳಕು; ದೀಪದಂತೆ ಚೆದುರದೆ ನೇರವಾಗಿ ಸಾಗುತ್ತದೆ. ಆದುದರಿಂದ ಕಣ್ಣನ್ನು ಕೊಯ್ಯದೆಯೇ ಒಳಗಿನ ಚುಕ್ಕೆಯಷ್ಟು ಜಾಗಕ್ಕೆ ಶಾಖ ಮುಟ್ಟಿಸಬಹುದು.

ವೈದ್ಯರು ಅಕ್ಷಿಪಟಲದ ನಡುಭಾಗವನ್ನು ಬಿಟ್ಟು ಅಂಚಿನಲ್ಲಿ ನೂರಾರು ಚುಕ್ಕೆಗಳನ್ನು ಸುಡುತ್ತಾರೆ. ಸುಟ್ಟರೆ ಉಳಿಯುವುದು ಹೇಗೆ? ರಾಗಿ ದಟ್ಟವಾಗಿ ಹುಟ್ಟಿದಾಗ ನೀವು ಕೆಲವು ಪೈರನ್ನು ಕಿತ್ತು ತೆಳುಮಾಡುವುದಿಲ್ಲವೇ? ಉಳಿದವಕ್ಕೆ ನೀರು ಗೊಬ್ಬರ ಸಾಕಾಗುತ್ತದೆ. ಹಾಗೆಯೇ ಅಂಚು ಬೇಡುವ ರಕ್ತ ಕಡಿಮೆಯಾಗಿ, ಕೆಟ್ಟ ಚಿಗುರು ಬಾಡುತ್ತದೆ, ನಡುಭಾಗದ ನೋಟ ಉಳಿಯುತ್ತದೆ. ಈ ಚಿಕಿತ್ಸೆಯಿಂದ ತೀವ್ರವಾದ ದೃಷ್ಟಿನಾಶವು ಅರ್ಧಕ್ಕಿಂತಲೂ ಹೆಚ್ಚು ತಗ್ಗುವುದೆಂದು ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದು 1976ರಲ್ಲಿ ತೋರಿಸಿತು.

ಒಂದು ಮಾತನ್ನು ಮುಚ್ಚಿಡಲಾರೆ. ಲೇಸರ್ ಇರುವ ನೋಟವನ್ನು ಕಾಯುತ್ತದೆ. ಹೋದ ನೋಟವನ್ನು ಸಾಮಾನ್ಯವಾಗಿ ಮರಳಿ ತಾರದು. ಪಕ್ಕದ ನೋಟವೂ ಇರುಳಿನ ನೋಟವೂ ತುಸು ಕುಗ್ಗಬಹುದು. ನಡುಭಾಗ ಊದಿದ್ದರೆ ಈಗ ಕಣ್ಣಿಗೆ ಸೂಜಿಮದ್ದು ಕೊಡುವುದೂ ಉಂಟು. ಯಾವುದು ತಕ್ಕುದೆಂದು ವೈದ್ಯರೇ ನಿರ್ಧರಿಸಬೇಕು.

ನೀವು ಮಾಡಬೇಕಾದುದು ಇಷ್ಟು. ಸಕ್ಕರೆ ಕಾಯಿಲೆ ಇದೆಯೆಂದು ತಿಳಿದವರು, ಕಣ್ಣು ಚೆನ್ನಾಗಿ ಕಂಡರೂ, ವರ್ಷಕ್ಕೊಮ್ಮೆ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿಯೋ ಜಿಲ್ಲಾ ಆಸ್ಪತ್ರೆಯಲ್ಲಿಯೋ ತೋರಿಸಿಕೊಳ್ಳಿರಿ. ಹನಿ ಹಾಕಿ ಪಾಪೆಯನ್ನು ಅಗಲಮಾಡಿ ಹಿಂಬದಿಯನ್ನು ನೋಡಿರೆಂದು ಕೇಳಿರಿ. ಆ ಹನಿಯಿಂದ ಕೆಲವು ಗಂಟೆ ಕಣ್ಣು ಮಂಜಾಗುತ್ತದೆ. ಗಾಡಿ ಓಡಿಸದೆ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಲೇಸರ್ ಹೇಳಿದರೆ ಅಂಜಬೇಡಿರಿ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಎರಡು ಮೂರು ಸಲ ಬರಹೇಳಿದರೆ ನಡುವೆ ಬಿಡಬೇಡಿರಿ. ರಕ್ತದ ಸಕ್ಕರೆಯನ್ನೂ ಒತ್ತಡವನ್ನೂ ಹತೋಟಿಯಲ್ಲಿಡದಿದ್ದರೆ ಯಾವ ಬೆಳಕೂ ಪೂರ್ತಿ ಕಾಯಲಾರದು.

ರೋಗ ಎಲೆಯ ಮೇಲೆ ಕಾಣುವ ಮೊದಲೇ ಬೀಜೋಪಚಾರ ಮಾಡುವವರು ನೀವು. ಕಣ್ಣಿನ ವಿಷಯದಲ್ಲಿಯೂ ಅದೇ ಜಾಣತನವಿರಲಿ. ಆ ಹಿರಿಯರು ಈಗ ಎಡಗಣ್ಣಿಗೆ ಲೇಸರ್ ಮಾಡಿಸಿಕೊಂಡಿದ್ದಾರೆ. ದಿಬ್ಬದ ಮೇಲಿನ ಎತ್ತನ್ನು ಆ ಒಂದು ಕಣ್ಣಿನಿಂದಲೇ ಗುರುತಿಸುತ್ತಾರೆ. ನೀವು ಎರಡನ್ನೂ ಉಳಿಸಿಕೊಳ್ಳಿರಿ.